ಹಾಗಲವಾಡಿ ಸೀಮೆಯ ಹಸಿರುಗಲ್ಲು: ಬೆಟ್ಟ ಉಳಿಯದ ಒಂದು ಜ್ವಾಲಾಮುಖಿಯ ಚರಿತ್ರೆ

ತುಮಕೂರು ಜಿಲ್ಲೆಯಲ್ಲಿ ಕಲ್ಲಿನ ಮಾತೆತ್ತಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಮ್ಮ ಕಡೆಯ ಬೆಟ್ಟ ಹಿಂದೆ ಬೆಂಕಿ ಉಗುಳುತ್ತಿತ್ತಂತೆ, ಹೌದೇ?’ ಕೇಳುವವರ ಕೈ ಹೋಗುವುದು ಸಾಮಾನ್ಯವಾಗಿ ಮಧುಗಿರಿಯ ಏಕಶಿಲೆಯತ್ತ, ಇಲ್ಲವೇ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದತ್ತ. ನೆಲದಿಂದ ಒಮ್ಮೆಲೇ ಎದ್ದು ನಿಂತ ಆ ಬಂಡೆಗಳನ್ನು ನೋಡಿದಾಗ ಅಂಥ ಊಹೆ ಹುಟ್ಟುವುದು ಸಹಜ. ಆದರೂ ಉತ್ತರ ಇಲ್ಲವೆಂದೇ. ಅವು ಗ್ರಾನೈಟ್ ಜಾತಿಯ ಬಂಡೆಗಳು. ನೆಲದಾಳದಲ್ಲಿ ಕರಗಿದ ಶಿಲಾರಸ ಮೇಲೆ ಬಾರದೆ ಒಳಗೇ ನಿಧಾನವಾಗಿ ಹೆಪ್ಪುಗಟ್ಟಿ, ಮೇಲಿದ್ದ ಹೊದಿಕೆ ಕೋಟಿಗಟ್ಟಲೆ ವರ್ಷಗಳಲ್ಲಿ ಸವೆದ ಮೇಲೆ ಹೊರಗೆ ಕಂಡವು. ಆಕಾಶಕ್ಕೆ ಬೆಂಕಿ ಹಾರಿಸಿದ ಚರಿತ್ರೆ ಅವುಗಳಿಗಿಲ್ಲ.

ಬೆಂಕಿಯ ಚರಿತ್ರೆ ಇರುವುದು ಬೇರೆ ಕಡೆ. ಹಾಗಲವಾಡಿಯಿಂದ ಚಿಕ್ಕನಾಯಕನಹಳ್ಳಿಯತ್ತ ಸಾಗುವ ಸೀಮೆಯಲ್ಲಿ ಗುಂಡು ಬಂಡೆಗಳ ನೋಟ ಮರೆಯಾಗಿ, ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಹಾಸಿಕೊಂಡ ಉದ್ದುದ್ದನೆಯ ಗುಡ್ಡಸಾಲುಗಳು ಶುರುವಾಗುತ್ತವೆ. ಅಲ್ಲಿನ ಕಲ್ಲು ಗ್ರಾನೈಟಿನ ಹಾಗೆ ಕಾಳುಕಾಳಾಗಿ ಹೊಳೆಯುವುದಿಲ್ಲ. ಹಸಿರು ಬೆರೆತ ಕಪ್ಪು, ಒಡೆದರೆ ಹಾಳೆಹಾಳೆ, ಒದ್ದೆಯಾದರೆ ಇನ್ನಷ್ಟು ಹಸಿರು. ಯಾರ ಕಣ್ಣನ್ನೂ ಸೆಳೆಯದ, ಯಾರೂ ಪ್ರಶ್ನೆ ಕೇಳದ ಆ ಕಲ್ಲೇ ಒಮ್ಮೆ ಹರಿದ ಲಾವಾ. ಈ ಟಿಪ್ಪಣಿಯಲ್ಲಿ ನಾನು ಹೇಳಲು ಹೊರಟಿರುವುದು ಇಷ್ಟನ್ನೇ: ನಮ್ಮ ನಾಡಿನ ಜ್ವಾಲಾಮುಖಿಯನ್ನು ಬೆಟ್ಟದ ಆಕಾರದಲ್ಲಿ ಹುಡುಕಬಾರದು, ಕಲ್ಲಿನ ಒಳ ಆಕಾರದಲ್ಲಿ ಹುಡುಕಬೇಕು.

ಹಾಗಲವಾಡಿ ಇಂದು ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪಾಳೆಯಗಾರರ ಕಾಲದಲ್ಲಿ ಅದರ ಹರವು ದೊಡ್ಡದಿತ್ತು. ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದದ್ದೇ ಹಾಗಲವಾಡಿ ಮನೆತನದ ಚಿಕ್ಕನಾಯಕನಿಂದ. ‘ಹಾಗಲವಾಡಿ ಸೀಮೆ’ ಎಂದು ನಾನಿಲ್ಲಿ ಬಳಸುವುದು ಆ ಹಳೆಯ, ಅಗಲವಾದ ಅರ್ಥದಲ್ಲಿ. ಈ ಸೀಮೆಯ ನಡುವೆ ಹಾದುಹೋಗುವುದು ಚಿತ್ರದುರ್ಗ ಶಿಸ್ಟ್ ಪಟ್ಟಿ. ಉತ್ತರದಲ್ಲಿ ಗದಗದಿಂದ ದಕ್ಷಿಣದಲ್ಲಿ ಶ್ರೀರಂಗಪಟ್ಟಣದವರೆಗೆ ಸುಮಾರು 450 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಈ ಪಟ್ಟಿ ಚಿತ್ರದುರ್ಗದ ಸುತ್ತ 40 ಕಿಲೋಮೀಟರಿನಷ್ಟು ಅಗಲವಾಗಿ, ದಕ್ಷಿಣಕ್ಕೆ ಬಂದಂತೆ ಸೊರಗುತ್ತದೆ. ಸ್ವಾಮಿನಾಥ್ ಮತ್ತು ರಾಮಕೃಷ್ಣನ್ 1981ರಲ್ಲಿ ಮಾಡಿದ ವಿಂಗಡಣೆಯಲ್ಲಿ ಇದರ ಶಿಲೆಗಳು ‘ಚಿತ್ರದುರ್ಗ ಗುಂಪು’. ಅದರೊಳಗೆ ಕೆಳಗಿನಿಂದ ಮೇಲಕ್ಕೆ ವಾಣಿವಿಲಾಸ, ಇಂಗಳದಾಳ, ಹಿರಿಯೂರು ಎಂಬ ಮೂರು ಸ್ತರಗಳು. ಲಾವಾ ಹೆಚ್ಚಾಗಿ ಸಿಗುವುದು ಇಂಗಳದಾಳ ಸ್ತರದಲ್ಲಿ. ತುಮಕೂರು ಜಿಲ್ಲೆಯ ಬೆಳ್ಳಾರದ ಲಾವಾಕ್ಕೆ ಹಳೆಯ ಮೈಸೂರಿನ ಭೂವಿಜ್ಞಾನಿಗಳು ‘ಬೆಳ್ಳಾರ ಟ್ರ್ಯಾಪ್’ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದರು.

ಹಸಿರುಗಲ್ಲು ಲಾವಾ ಎಂದು ಗೊತ್ತಾಗುವುದು ಹೇಗೆ? ಈ ಪ್ರಶ್ನೆಗೆ ಅತ್ಯುತ್ತಮ ಉತ್ತರ ಇದೇ ಪಟ್ಟಿಯಲ್ಲಿದೆ. ಚಿತ್ರದುರ್ಗದಿಂದ ಆಗ್ನೇಯಕ್ಕೆ ಹದಿನಾರು ಕಿಲೋಮೀಟರ್ ದೂರದ ಮರಡಿಹಳ್ಳಿಯಲ್ಲಿ ಒಂದು ಸಣ್ಣ ದಿಬ್ಬ. ಹತ್ತಿ ನೋಡಿದರೆ, ಮನೆಯ ದಿಂಬುಗಳನ್ನೆಲ್ಲ ತಂದು ಒಂದರ ಮೇಲೊಂದು ಒತ್ತಿ ಪೇರಿಸಿಟ್ಟ ಹಾಗೆ ಕಲ್ಲು ಕಾಣುತ್ತದೆ. ಭೂವಿಜ್ಞಾನಿಗಳು ಇದನ್ನು ಕರೆಯುವುದೂ ದಿಂಬು ಲಾವಾ, ಅಂದರೆ ಪಿಲ್ಲೋ ಲಾವಾ ಎಂದೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ದಿಂಬಿನ ಆಕಾರ ಹುಟ್ಟುವ ಬಗೆ ಹೀಗೆ. ಬಸಾಲ್ಟ್ ಲಾವಾ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸಮುದ್ರದ ತಳದ ಬಿರುಕಿನಿಂದ ಹೊರಬರುತ್ತದೆ. ತಣ್ಣೀರು ತಾಗಿದ ಕ್ಷಣದಲ್ಲೇ ಅದರ ಹೊರಮೈ ಗಾಜಿನಂಥ ಸಿಪ್ಪೆಯಾಗುತ್ತದೆ. ಒಳಗಿನದು ಇನ್ನೂ ಕುದಿಯುತ್ತಿರುತ್ತದೆ. ಹಿಂದಿನಿಂದ ಒತ್ತಡ ಬಂದಾಗ ಸಿಪ್ಪೆ ಬಿರಿದು ಹೊಸದೊಂದು ಲಾವಾ ಮುದ್ದೆ ಉಬ್ಬಿ ಹೊರಗೆ ಜಾರುತ್ತದೆ, ಅದರ ಮೈಯೂ ತಕ್ಷಣ ಗಟ್ಟಿಯಾಗುತ್ತದೆ. ಹೀಗೆ ಮುದ್ದೆಯ ಮೇಲೆ ಮುದ್ದೆ. ಇದು ಊಹೆಯ ಮಾತಲ್ಲ. ಹವಾಯಿ ದ್ವೀಪದ ಕಿಲಾವೆಯಾ ಜ್ವಾಲಾಮುಖಿಯ ಲಾವಾ 1970ರ ದಶಕದ ಆರಂಭದಲ್ಲಿ ಸಮುದ್ರಕ್ಕಿಳಿದಾಗ ಮುಳುಗುಗಾರರು ನೀರಿನೊಳಗೇ ಹೋಗಿ ದಿಂಬುಗಳು ಉಬ್ಬಿ ಹೊರಳುವುದನ್ನು ಕಣ್ಣಾರೆ ಕಂಡರು, ಚಿತ್ರೀಕರಿಸಿಯೂ ಬಂದರು.

ಮೆತ್ತಗಿರುವಾಗಲೇ ಒಂದು ದಿಂಬು ಇನ್ನೊಂದರ ಮೇಲೆ ಕೂತಾಗ ಅದರ ಬೆನ್ನು ದುಂಡಗೇ ಉಳಿಯುತ್ತದೆ, ತಳ ಮಾತ್ರ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗುತ್ತದೆ. ಈ ಒಂದು ಸಂಗತಿ ನಮ್ಮಂಥವರಿಗೆ ಎಷ್ಟು ಬೆಲೆಯುಳ್ಳದ್ದೆಂದು ಹೇಳಲೇಬೇಕು. ಈ ಪಟ್ಟಿಯ ಪದರುಗಳು ಮಡಿಕೆಬಿದ್ದು, ಬಹಳ ಕಡೆ ನೆಟ್ಟಗೆ ನಿಂತಿವೆ, ಕೆಲವು ಕಡೆ ಬುಡಮೇಲಾಗಿವೆ. ಯಾವುದು ಮೇಲು, ಯಾವುದು ಕೆಳಗು, ಯಾವ ಲಾವಾ ಮೊದಲು ಹರಿಯಿತು, ಯಾವುದು ಆಮೇಲೆ ಎಂದು ತಿಳಿಯಲು ದಿಂಬಿನ ಚೂಪು ತುದಿ ಬಾಣದ ಗುರುತಿನ ಹಾಗೆ ದಾರಿ ತೋರಿಸುತ್ತದೆ. ದಿಂಬಿನ ಅಂಚಿನಲ್ಲಿದ್ದ ಗಾಜು ಈಗ ಗಾಜಾಗಿ ಉಳಿದಿಲ್ಲ, ಕ್ಲೋರೈಟ್ ಎಂಬ ಹಸಿರು ಖನಿಜವಾಗಿದೆ. ಲಾವಾದಲ್ಲಿ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳ ಜಾಗದಲ್ಲಿ ಬೆಣಚು, ಕ್ಯಾಲ್ಸೈಟ್ ತುಂಬಿಕೊಂಡು ಬಿಳಿ ಚುಕ್ಕೆಗಳಾಗಿವೆ. ಹೊಲದ ಬದುವಿನ ಹಸಿರುಗಲ್ಲಿನಲ್ಲಿ ಅವರೆಕಾಳಿನಷ್ಟು ಬಿಳಿ ಚುಕ್ಕೆಗಳು ಚೆದುರಿ ಕಂಡರೆ ಅವು ಇಂಥ ತುಂಬಿದ ಗುಳ್ಳೆಗಳೇ ಇರಬಹುದು, ಎತ್ತಿ ನೋಡಿ.

ಆದರೆ ಈ ಪಟ್ಟಿಯಲ್ಲಿ ಲಾವಾ ಯಾವುದು, ನೀರಿನಲ್ಲಿ ಶೇಖರವಾದ ಶಿಲೆ ಯಾವುದು ಎಂದು ಬಿಡಿಸಿ ಹೇಳಲು ನಮ್ಮ ಭೂವಿಜ್ಞಾನಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಆ ಕಥೆ ಈ ಸೀಮೆಗೆ ಹೊರಗಿನದಲ್ಲ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮೈಸೂರು ಸಂಸ್ಥಾನದ ಚಿನ್ನದ ನೆಲೆಗಳನ್ನು ಹುಡುಕುತ್ತ ಇಲ್ಲೆಲ್ಲ ತಿರುಗಿದರು. ಚಿಕ್ಕನಾಯಕನಹಳ್ಳಿ ಬಳಿಯ ಹೊನ್ನೇಬಾಗಿಯೂ ಅವರ ಪಟ್ಟಿಯಲ್ಲಿತ್ತು. ಊರ ಹೆಸರಲ್ಲೇ ಹೊನ್ನಿದೆ. ಈ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರಿಟ್ಟವರು ಅವರೇ. ಅವರ ಲೆಕ್ಕದಲ್ಲಿ ಇವು ಹಳೆಯ ನೈಸ್ ಶಿಲೆಯ ನೆಲದ ಮೇಲೆ ನೀರಿನಲ್ಲಿ ಶೇಖರವಾದ ಮರಳು, ಕೆಸರು, ಗುಂಡುಗಲ್ಲುಗಳ ಮತ್ತು ನಡುನಡುವೆ ಹರಿದ ಲಾವಾದ ಪದರುಗಳು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಹುಟ್ಟಿದಾಗ ಮೊದಲು ಅದರ ಹೊಣೆ ಹೊತ್ತವರೂ ಫೂಟ್.

ಅವರ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ ಇದನ್ನು ತಿರುಗಿಸಿಬಿಟ್ಟರು. 1916ರಲ್ಲಿ ಅವರು ಬರೆದ ಮೈಸೂರಿನ ಭೂಚರಿತ್ರೆಯ ರೂಪರೇಖೆಯಲ್ಲಿ ಧಾರವಾಡ ಶಿಲೆಗಳೆಲ್ಲವೂ ಅಗ್ನಿಜನ್ಯ. ಗುಂಡುಗಲ್ಲು ತುಂಬಿದ ಕಾಂಗ್ಲಾಮರೇಟ್ ಕೂಡ ಹೊಳೆಯಲ್ಲಿ ಉರುಳಿ ಬಂದದ್ದಲ್ಲ, ನೆಲದ ಒತ್ತಡದಲ್ಲಿ ಕಲ್ಲು ತಾನೇ ಪುಡಿಯಾಗಿ ಗುಂಡಾದದ್ದು. ಧಾರವಾಡವೇ ಎಲ್ಲಕ್ಕಿಂತ ಹಳೆಯದು, ನೈಸ್ ಆಮೇಲೆ ಅದರೊಳಗೆ ನುಗ್ಗಿದ್ದು. ಇಲಾಖೆಯ ಮುಖ್ಯಸ್ಥರ ಮಾತಾದ್ದರಿಂದ ಈ ವಾದ ಬಹುಕಾಲ ನಿಂತಿತು. ಅದನ್ನು ಸಡಿಲಿಸಿದವರು ಇಲಾಖೆಯೊಳಗೇ ಬೆಳೆದ ಕನ್ನಡನಾಡಿನ ಭೂವಿಜ್ಞಾನಿಗಳು. ಬಿ. ರಾಮರಾವ್ 1940ರಲ್ಲಿ ಮೈಸೂರಿನ ಆರ್ಕಿಯನ್ ಶಿಲೆಗಳ ಬಗ್ಗೆ ಬರೆದ ದೊಡ್ಡ ಬರಹದಲ್ಲಿ ಇವುಗಳಲ್ಲಿ ನಿಜವಾದ ಜಲಜ ಶಿಲೆಗಳೂ ನಿಜವಾದ ಲಾವಾಗಳೂ ಇವೆಯೆಂದು ಬೇರ್ಪಡಿಸಿ ತೋರಿಸಿದರು. ಆಮೇಲೆ ಸಿ.ಎಸ್. ಪಿಚಮುತ್ತು, ಬಿ.ಪಿ. ರಾಧಾಕೃಷ್ಣ ಆ ದಾರಿಯನ್ನು ಅಗಲ ಮಾಡಿದರು.

ನನ್ನ ತೀರ್ಮಾನದಲ್ಲಿ ಸ್ಮೀತ್ ಪೂರ್ತಿ ತಪ್ಪಲ್ಲ. ಬೆಂಕಿಯ ಪಾಲು ದೊಡ್ಡದೆಂದು ಅವರು ಕಂಡದ್ದು ಸರಿ. ಗ್ರಾನೈಟುಗಳು ಧಾರವಾಡದೊಳಗೆ ನುಗ್ಗಿವೆಯೆಂದದ್ದೂ ಸರಿ. ಆದರೆ ಆ ಗ್ರಾನೈಟುಗಳು ಬೇರೆ, ಧಾರವಾಡಕ್ಕೆ ನೆಲಹಾಸಾದ ಹಳೆಯ ನೈಸ್ ಬೇರೆ. ತರೀಕೆರೆ ಕಡೆಯ ಕಲ್ದುರ್ಗದ ಕಾಂಗ್ಲಾಮರೇಟಿನಲ್ಲಿ ಗ್ರಾನೈಟ್ ಜಾತಿಯ ಗುಂಡುಗಲ್ಲುಗಳು ಸಿಕ್ಕುತ್ತವೆ. ತನಗಿಂತ ಕಿರಿಯ ಕಲ್ಲಿನ ಚೂರನ್ನು ಯಾವ ಶಿಲೆಯೂ ತನ್ನ ಹೊಟ್ಟೆಯಲ್ಲಿಟ್ಟುಕೊಳ್ಳಲಾರದು.

ಈಗ ಕಾಲದ ಲೆಕ್ಕ. ಹಾಗಲವಾಡಿಗೆ ಹತ್ತಿರದ ಅತಿ ಹಳೆಯ ಲಾವಾ ಸಿಗುವುದು ತುರುವೇಕೆರೆ ತಾಲ್ಲೂಕಿನ ಬಾಣಸಂದ್ರದಲ್ಲಿ. ಬೆಂಗಳೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ಹೋಗುವವರೆಲ್ಲ ಆ ನಿಲ್ದಾಣ ಕಂಡವರೇ. ಅಲ್ಲಿರುವುದು ಕೊಮಾಟಿಯೈಟ್ ಎಂಬ ವಿಶೇಷ ಲಾವಾ. 1969ರಲ್ಲಿ ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ದಡದಲ್ಲಿ ಗುರುತಿಸಿದ್ದರಿಂದ ಈ ಹೆಸರು. ಇದು ಹೊರಬಂದಾಗಿನ ಬಿಸಿ ಸುಮಾರು 1,600 ಡಿಗ್ರಿ. ಇಂದಿನ ಭೂಮಿಯ ಯಾವ ಜ್ವಾಲಾಮುಖಿಗೂ ಅಷ್ಟು ಬಿಸಿಯ ಲಾವಾ ಉಕ್ಕಿಸುವ ಶಕ್ತಿಯಿಲ್ಲ, ಏಕೆಂದರೆ ಭೂಮಿಯ ಒಡಲು ಆಗಿನಿಂದ ತಣಿದಿದೆ. ಬಾಣಸಂದ್ರ, ಕಲ್ಯಾಡಿ, ನುಗ್ಗೇಹಳ್ಳಿ, ಘಟ್ಟಿಹೊಸಹಳ್ಳಿ ಮುಂತಾದೆಡೆಯ ಕೊಮಾಟಿಯೈಟುಗಳನ್ನು ಒಟ್ಟಿಗೆ ಅಳೆದು ಪಡೆದ ವಯಸ್ಸು ಸುಮಾರು 335 ಕೋಟಿ ವರ್ಷ. ಅಳತೆಯ ಅಂಚು ಹನ್ನೊಂದು ಕೋಟಿ ವರ್ಷ ಆಚೀಚೆ ಇದೆ ಎಂಬುದನ್ನೂ ಓದುಗರು ನೆನಪಿಡಬೇಕು.

ಅಲ್ಲಿಂದ ಮುಂದೆ ದೊಡ್ಡ ಬಿಡುವು. ಸುಮಾರು 290 ಕೋಟಿ ವರ್ಷಗಳ ಹಿಂದೆ ಬಾಬಾಬುಡನ್ ಸೀಮೆಯಲ್ಲಿ ಲಾವಾ ಹರಿಯಿತು, ಬಹುಪಾಲು ಬಯಲಿನಲ್ಲಿ, ಗಾಳಿಗೆ ತೆರೆದುಕೊಂಡು. ಬಾಬಾಬುಡನ್ ಗಿರಿಶ್ರೇಣಿ ಕುದುರೆಲಾಳದ ಆಕಾರದಲ್ಲಿರುವುದನ್ನು ಕಂಡು ಅದನ್ನು ಜ್ವಾಲಾಮುಖಿಯ ಬಾಯಿ ಎನ್ನುವವರಿದ್ದಾರೆ. ಅದು ಮಡಿಕೆಬಿದ್ದ ಕಬ್ಬಿಣಶಿಲೆಯ ಅಂಚು, ಬಾಯಿಯಲ್ಲ. ಅಲ್ಲಿನ ಕಬ್ಬಿಣಶಿಲೆಯೊಳಗೆ ಸಿಕ್ಕ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಹರಳುಗಳ ವಯಸ್ಸು 272 ಕೋಟಿ ವರ್ಷ. ಚಿತ್ರದುರ್ಗ ಪಟ್ಟಿಯ ಇಂಗಳದಾಳ ಲಾವಾಗಳಿಗೆ ಸಮೇರಿಯಂ–ನಿಯೋಡಿಮಿಯಂ ವಿಧಾನದಲ್ಲಿ ಬಂದದ್ದು ಸುಮಾರು 275 ಕೋಟಿ. ಮೇಲಿನ ಸ್ತರಗಳಲ್ಲಿ, ಶಿವಮೊಗ್ಗ ಪಟ್ಟಿಯ ದಾಗಿನಕಟ್ಟೆಯ ಸಿಲಿಕಾ ತುಂಬಿದ ಲಾವಾಗಳಿಗೆ ಜಿರ್ಕಾನ್ ಕೊಟ್ಟದ್ದು 261 ಕೋಟಿ. ಈ ಎರಡು ಬಗೆಯ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನನ್ನ ಅಭಿಪ್ರಾಯ. ಜಿರ್ಕಾನ್ ಹರಳು ಹುಟ್ಟಿದ ದಿನದ ಗುರುತನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಇಡೀ ಕಲ್ಲನ್ನು ಅರೆದು ಅಳೆಯುವ ವಿಧಾನದಲ್ಲಿ ಒಂದೇ ಮೂಲದಿಂದ ಬಂದಿರದ ಲಾವಾಗಳು ಸೇರಿಕೊಂಡರೆ ವಯಸ್ಸು ಜಾರುತ್ತದೆ. ಹೀಗಿದ್ದರೂ ಒಟ್ಟು ಚಿತ್ರ ಗಟ್ಟಿಯಾಗಿದೆ: 275ರಿಂದ 260 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಇಲ್ಲೊಂದು ಸಮುದ್ರವಿತ್ತು, ಅದರ ತಳದ ಬಿರುಕುಗಳಿಂದ ಮೊದಲು ತೆಳು ಬಸಾಲ್ಟ್ ಲಾವಾ ಹರಿಯಿತು, ಆಮೇಲೆ ಮಂದವಾದ, ಸಿಡಿಯುವ ಸ್ವಭಾವದ ಲಾವಾವೂ ಬೂದಿಯೂ ಬಂದವು.

ಲಾವಾ ನಿಂತ ಮೇಲೂ ಸಮುದ್ರತಳದ ಬಿಸಿ ನಿಲ್ಲಲಿಲ್ಲ. ಬಿಸಿ ಕಲ್ಲಿನ ಸಂದಿಗಳಲ್ಲಿ ಇಳಿದ ನೀರು ಕಬ್ಬಿಣ, ಮ್ಯಾಂಗನೀಸನ್ನು ಕರಗಿಸಿ ಹೊರತಂದಿತು. ಅದೇ ಕಾಲದ ಮೇಲುನೀರಿನಲ್ಲಿ ಸೂಕ್ಷ್ಮಜೀವಿಗಳು ಹಾಸುಹಾಸಾಗಿ ಬೆಳೆಯುತ್ತಿದ್ದವು. ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಅವುಗಳ ಗುರುತು ಸ್ಟ್ರೊಮ್ಯಾಟೊಲೈಟ್ ರೂಪದಲ್ಲಿ ಉಳಿದಿದೆ, ದೋಸೆಯ ಮೇಲೆ ದೋಸೆ ಇಟ್ಟಂಥ ಅಲೆಅಲೆಯ ಪದರು. ಅಂಥ ಜೀವಿಗಳು ಬಿಟ್ಟ ಆಮ್ಲಜನಕ ಕರಗಿದ್ದ ಕಬ್ಬಿಣವನ್ನು ತುಕ್ಕಿನಂತೆ ತಳಕ್ಕಿಳಿಸಿತೆಂಬುದು ಇಂದು ಬಹುಮಂದಿ ವಿಜ್ಞಾನಿಗಳು ಒಪ್ಪುವ ವಿವರಣೆ. ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಮೂಲ ಇದು. ಆಮೇಲಿನ ದೀರ್ಘ ಕಾಲದ ಮಳೆ ಬಿಸಿಲು ಅದನ್ನು ಇನ್ನಷ್ಟು ಸಾರವತ್ತಾಗಿಸಿತು. ಗುಡ್ಡಗಳು ಎದ್ದು ನಿಂತಿರುವುದೂ ಇದರಿಂದಲೇ. ಮೆದು ಹಸಿರುಗಲ್ಲು ಸವೆದು ತಗ್ಗಾಯಿತು, ಗಡುಸು ಕಬ್ಬಿಣಶಿಲೆ ಸಾಲುಗುಡ್ಡವಾಗಿ ಉಳಿಯಿತು. ಇಲ್ಲಿ ಲಾವಾ ಇರುವುದು ಹೆಚ್ಚಾಗಿ ಗುಡ್ಡದ ನೆತ್ತಿಯಲ್ಲಲ್ಲ, ಅದರ ಬುಡದಲ್ಲಿ ಮತ್ತು ನಡುವಣ ತಗ್ಗಿನಲ್ಲಿ.

ಸುಮಾರು 250 ಕೋಟಿ ವರ್ಷಗಳ ಹಿಂದಿನ ಹೊತ್ತಿಗೆ ಪೂರ್ವದ ಮತ್ತು ಪಶ್ಚಿಮದ ನೆಲಭಾಗಗಳು ಒಂದನ್ನೊಂದು ಒತ್ತಿ ಈ ಪದರುಗಳನ್ನೆಲ್ಲ ಮಡಚಿದವು. ಪಟ್ಟಿಯ ಪೂರ್ವದ ಅಂಚಿನಲ್ಲಿ ಕಲ್ಲು ಉಜ್ಜಿ ನುಣ್ಣಗಾದ ಒಂದು ವಲಯ ಇಂದಿಗೂ ಕಾಣುತ್ತದೆ. ಅಂಥ ವಲಯಗಳ ಬಿರುಕುಗಳಲ್ಲಿ ಮೇಲೇರಿದ ಬಿಸಿದ್ರವ ಚಿನ್ನವನ್ನು ತಂದಿಟ್ಟಿತು. ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಆ ಚಿನ್ನ ಕೂತಿರುವುದು ಪಟ್ಟೆಪಟ್ಟೆಯಾದ ಕಬ್ಬಿಣಶಿಲೆಯಲ್ಲಿ. ಅದೇ ಸುಮಾರಿಗೆ, 252 ಕೋಟಿ ವರ್ಷಗಳ ಹಿಂದೆ, ಪೂರ್ವದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಏರಿ ನಿಂತಿತು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಮಧುಗಿರಿಯ ಏಕಶಿಲೆ ಈ ಕುಟುಂಬದ್ದು. ಅಂದರೆ ಜನ ಜ್ವಾಲಾಮುಖಿಯೆಂದು ಕೈತೋರಿಸುವ ಬೆಟ್ಟ ಹುಟ್ಟುವ ಹೊತ್ತಿಗೆ ಹಾಗಲವಾಡಿ ಸೀಮೆಯ ನಿಜವಾದ ಲಾವಾ ಆರಿ ಕೋಟಿಗಟ್ಟಲೆ ವರ್ಷಗಳಾಗಿದ್ದವು.

ಮತ್ತೊಂದು ದೊಡ್ಡ ಬಿಸಿಯುಸಿರು 237 ಕೋಟಿ ವರ್ಷಗಳ ಹಿಂದಿನದು. ಬೆಂಗಳೂರಿನ ಸುತ್ತಿನಿಂದ ತೆಲಂಗಾಣದ ಕರೀಂನಗರದವರೆಗೆ ನೆಲ ಸೀಳಿ, ಆ ಸೀಳುಗಳಲ್ಲಿ ಬಸಾಲ್ಟ್ ಜಾತಿಯ ಶಿಲಾರಸ ತುಂಬಿ ಕರಿಕಲ್ಲಿನ ಗೋಡೆಗಳಾದವು. ಡೈಕ್ ಎನ್ನುವುದು ಇವನ್ನೇ. ಕೆಂಪು ಹೊಲಗಳ ನಡುವೆ ಕರಿಗುಂಡುಗಳ ಉದ್ದ ಸಾಲು ಕಂಡರೆ ಕೆಳಗೆ ಇಂಥ ಗೋಡೆಯಿದೆಯೆಂದು ತಿಳಿಯಬಹುದು. ಅಂತರ್ಜಲ ಹುಡುಕುವವರಿಗೆ ಇದು ಬಹಳ ಮುಖ್ಯ: ಬಿರುಕಿಲ್ಲದ ಡೈಕ್ ನೆಲದೊಳಗಿನ ಏರಿಯ ಹಾಗೆ ನೀರನ್ನು ಒಂದು ಮಗ್ಗುಲಲ್ಲಿ ತಡೆದು ನಿಲ್ಲಿಸುತ್ತದೆ. ಒಂದೇ ತೋಟದಲ್ಲಿ ಒಂದು ಕೊಳವೆಬಾವಿಗೆ ನೀರು ಸಿಕ್ಕಿ, ನೂರು ಅಡಿ ಆಚೆಗಿನದು ಒಣಗುವುದಕ್ಕೆ ಇದೂ ಒಂದು ಕಾರಣ. ತೆಂಗಿನ ಈ ಸೀಮೆಯಲ್ಲಿ ಆ ಕಾರಣ ತಿಳಿದಿದ್ದರೆ ಎಷ್ಟೋ ಸಾಲ ಉಳಿಯುತ್ತದೆ.

ಆಮೇಲೆ ಈ ಜಿಲ್ಲೆಗೆ ಲಾವಾ ಬರಲಿಲ್ಲ. 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರ್ಪಡುವ ಹೊತ್ತಿನಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳ ಕಂಬದಂಥ ಲಾವಾ ಹುಟ್ಟಿತು. 6.6 ಕೋಟಿ ವರ್ಷಗಳ ಹಿಂದೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳ ಮೇಲೆ ದಖ್ಖನ್ ಲಾವಾ ಹಾಸಿತು; ತುಮಕೂರಿನ ತನಕ ಬರಲಿಲ್ಲ. ಇಂದು ಭಾರತದ ನೆಲದಲ್ಲಿ ಹೊಗೆಯಾಡುವ ಜ್ವಾಲಾಮುಖಿ ಬೆಟ್ಟ ಒಂದೇ, ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ, ನೀರಿನ ಮೇಲೆ 354 ಮೀಟರ್ ಎತ್ತರ.

ಈ ಹಳೆಯ ಬೆಂಕಿಯ ಕಲ್ಲನ್ನು ನಮ್ಮ ಶಿಲ್ಪಿಗಳು ಭೂವಿಜ್ಞಾನಿಗಳಿಗಿಂತ ಮೊದಲೇ ಬಲ್ಲವರಾಗಿದ್ದರು. ಕೊಮಾಟಿಯೈಟಿನಂಥ ಲಾವಾ ಬಿಸಿ, ಒತ್ತಡ, ನೀರಿಗೆ ಸಿಕ್ಕಿದಾಗ ಬಳಪದ ಕಲ್ಲಾಗುತ್ತದೆ. ಹೊಯ್ಸಳ ಶಿಲ್ಪಿಗಳ ಉಳಿಗೆ ಒಲಿದ ಕಲ್ಲು ಆ ಜಾತಿಯದು. ಬಸಾಲ್ಟ್ ಗುಣದ ಕಲ್ಲು ಮತ್ತೆ ಕಾದಾಗ ಹಾರ್ನ್‌ಬ್ಲೆಂಡ್ ತುಂಬಿ ಕಪ್ಪಾಗಿ, ತಿಕ್ಕಿದರೆ ಕನ್ನಡಿಯಾಗುತ್ತದೆ. ಶ್ರೀರಂಗಪಟ್ಟಣದ ಗುಂಬಜ್‌ನ ಕರಿಗಂಬಗಳಿಗೆ ತುರುವೇಕೆರೆ ಬಳಿಯ ಕರೆಕಲ್ಲು ಗುಡ್ಡದ ಶಿಲೆ ಹೋಯಿತೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ.

ಈಗಿನ ಸ್ಥಿತಿಗೆ ಬರುತ್ತೇನೆ. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣ ಅದಿರಿನ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನ ನಂತರ ನಿಯಮಕ್ಕೆ ಒಳಪಟ್ಟ ಗಣಿಗಳಿಗೆ ಮತ್ತೆ ದಾರಿಯಾಯಿತು. ಅದಿರಿನ ಬಗ್ಗೆ ಇಷ್ಟಾದರೂ ಲೆಕ್ಕ, ಕಣ್ಗಾವಲು ಇದೆ. ಹಸಿರುಗಲ್ಲಿಗೂ ಕರಿಕಲ್ಲಿಗೂ ಅಂಥ ಕಾವಲಿಲ್ಲ. ರಸ್ತೆಗೆ ಜಲ್ಲಿ ಬೇಕಾದಾಗ ಎರಡೂ ಕ್ರಷರಿಗೆ ಬೀಳುತ್ತವೆ. ಜಲ್ಲಿ ಬೇಡವೆನ್ನುವ ಮಾತು ನನ್ನದಲ್ಲ. ಕೆಲವೇ ಕೆಲವು ಗುಂಟೆ ಜಾಗವನ್ನು ಬಿಟ್ಟುಕೊಡಿ ಎಂಬುದು ನನ್ನ ಬೇಡಿಕೆ.

ಕರ್ನಾಟಕದಲ್ಲಿ ಇರುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ನಾಲ್ಕು: ಲಾಲ್‌ಬಾಗಿನ ನೈಸ್ ಬಂಡೆ, ಸೇಂಟ್ ಮೇರೀಸ್ ದ್ವೀಪ, ಮರಡಿಹಳ್ಳಿ, ಮತ್ತು ಕೋಲಾರ ಚಿನ್ನದ ಸೀಮೆಯ ಪೆದ್ದಪಲ್ಲಿ. ಇವುಗಳಲ್ಲಿ ಮೂರು ಜ್ವಾಲಾಮುಖಿಯ ಕಲ್ಲುಗಳೇ. ತುಮಕೂರು ಜಿಲ್ಲೆಯದು ಒಂದೂ ಇಲ್ಲ. ಬಾಣಸಂದ್ರದ ಕೊಮಾಟಿಯೈಟ್, ಬೆಳ್ಳಾರದ ಲಾವಾ, ದೊಡ್ಡಗುಣಿಯ ಸ್ಟ್ರೊಮ್ಯಾಟೊಲೈಟ್, ಈ ಮೂರನ್ನು ಸರ್ವೆ ಮಾಡಿಸಿ, ಬೇಲಿ ಹಾಕಿಸಿ, ಕನ್ನಡದಲ್ಲಿ ಒಂದು ಫಲಕ ನಿಲ್ಲಿಸುವ ಕೆಲಸವನ್ನು ಜಿಲ್ಲಾಡಳಿತವೂ ಆಯಾ ಗ್ರಾಮ ಪಂಚಾಯಿತಿಗಳೂ ಕೈಗೆತ್ತಿಕೊಳ್ಳಬೇಕು. ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಶಾಲಾ ಮೇಷ್ಟ್ರುಗಳು ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದೊಯ್ಯಲಿ.